ಮಂಡಕ್ಕಿ ಭಟ್ಟಿಗೆ ನಕ್ಷೆಯಲ್ಲಿ ಯಾವ ಬಣ್ಣ? ದಾವಣಗೆರೆಯ ಒಂದು ಪ್ರಕರಣ ಅಧ್ಯಯನ

ದಾವಣಗೆರೆಯ ಹಳೆಯ ಭಾಗದಲ್ಲಿ, ಆಜಾದ್ ನಗರ ಮತ್ತು ಬಾಷಾ ನಗರದ ಆಸುಪಾಸಿನಲ್ಲಿ, ಮಂಡಕ್ಕಿ ಭಟ್ಟಿ ಎಂದೇ ಊರಿಗೆಲ್ಲ ಪರಿಚಿತವಾದ ಪ್ರದೇಶವೊಂದಿದೆ. ಸಂಜೆಯಾಗುತ್ತಲೇ ಮೆಣಸಿನಕಾಯಿಯ ಜೊತೆ ಬೀದಿಬೀದಿಯಲ್ಲಿ ಮಾರಾಟವಾಗುವ ಖಾರ ಮಂಡಕ್ಕಿ, ಒಗ್ಗರಣೆ ಮಂಡಕ್ಕಿ, ನರ್ಗಿಸ್ ಮಂಡಕ್ಕಿಗಳಿಗೆ ಬೇಕಾದ ಸರಕು ಸಿದ್ಧವಾಗುವುದು ಇಲ್ಲಿ. ಒಲೆ, ಭತ್ತದ ದಾಸ್ತಾನು, ಮಂಡಕ್ಕಿ ತುಂಬಿದ ಚೀಲಗಳು ಮತ್ತು ಕೆಲಸಗಾರರ ಮನೆಗಳು ಒಂದರ ಪಕ್ಕ ಒಂದು, ಕೆಲವೆಡೆ ಒಂದರೊಳಗೊಂದು ಇವೆ. ಖಾಲಿ ಇರುವ ನೆಲವೆಲ್ಲ ಭತ್ತ ಒಣಗಿಸುವ ಕಣವಾಗಿದೆ. ಒಲೆಗಳ ಕಪ್ಪು ಹೊಗೆ ಅದೇ ಓಣಿಗಳಲ್ಲಿ ಸುಳಿದಾಡುತ್ತದೆ.

ಈ ಪ್ರದೇಶದ ಬಗ್ಗೆ ಬಹುಕಾಲದಿಂದ ಎರಡು ಮಾತುಗಳು ಕೇಳಿಬರುತ್ತಿವೆ. ಭಟ್ಟಿಗಳ ಹೊಗೆಯಿಂದ ಉಸಿರಾಡುವುದು ಕಷ್ಟವಾಗಿದೆ, ಆದ್ದರಿಂದ ಅವನ್ನು ಊರಾಚೆಗೆ ಸಾಗಿಸಬೇಕು ಎಂಬುದು ಒಂದು. ಭಟ್ಟಿಗಳೇ ಇಲ್ಲಿಯ ಜನರ ಅನ್ನ, ಅವನ್ನು ಯಾರೂ ಮುಟ್ಟಬಾರದು ಎಂಬುದು ಇನ್ನೊಂದು. ನಗರ ಯೋಜನೆಯ ಭಾಷೆಯಲ್ಲಿ ಇದು ಭೂಬಳಕೆಯ ಪ್ರಶ್ನೆ: ಈ ನೆಲ ವಾಸದ ವಲಯವೇ, ಕೈಗಾರಿಕಾ ವಲಯವೇ? ಪ್ರಶ್ನೆಯನ್ನು ಹೀಗೆ ಇಟ್ಟಿದ್ದರಿಂದಲೇ ಉತ್ತರ ಸಿಕ್ಕಿಲ್ಲ ಎಂಬುದು ಈ ಅಧ್ಯಯನದ ನಿಲುವು. ಮನೆ ಮತ್ತು ದುಡಿಮೆ ಒಂದೆಡೆ ಇರುವುದರಿಂದ ಹುಟ್ಟಿದ ತೊಂದರೆ ಯಾವುದು, ಒಲೆಗೆ ಹಾಕುವ ಉರುವಲಿನಿಂದ ಹುಟ್ಟಿದ ತೊಂದರೆ ಯಾವುದು ಎಂದು ಬಿಡಿಸಿ ನೋಡಿದರೆ ದಾರಿ ಕಾಣುತ್ತದೆ.

ಮಂಡಕ್ಕಿ ಆಗುವ ಬಗೆ

ಮೊದಲು ಕೆಲಸದ ಕ್ರಮವನ್ನು ತಿಳಿಯಬೇಕು; ಯೋಜನಾ ವರದಿಗಳು ಸಾಮಾನ್ಯವಾಗಿ ಬಿಟ್ಟುಬಿಡುವುದು ಇದನ್ನೇ. ಭತ್ತವನ್ನು ನೀರಿನಲ್ಲಿ ನೆನೆಸಿ, ಕಾಯಿಸಿ, ಬಿಸಿಲಿನಲ್ಲಿ ಒಣಗಿಸುತ್ತಾರೆ. ಬಳಿಕ ಹೊಟ್ಟು ತೆಗೆದು ಅಕ್ಕಿ ಮಾಡಿ, ಅದಕ್ಕೆ ಉಪ್ಪುನೀರು ಬೆರೆಸಿ ಹದಗೊಳಿಸಿ, ಕೊನೆಯಲ್ಲಿ ಕಾದ ಮರಳಿನಲ್ಲಿ ಹಾಕಿ ಹುರಿಯುತ್ತಾರೆ. ಮರಳಿನ ಬಿಸಿ ಸುಮಾರು 250 ಡಿಗ್ರಿ ಸೆಲ್ಸಿಯಸ್ ಇದ್ದರೆ ಅಕ್ಕಿಯೊಳಗಿನ ತೇವ ಕೆಲವೇ ಕ್ಷಣಗಳಲ್ಲಿ ಆವಿಯಾಗಿ, ಕಾಳು ಹಲವು ಪಟ್ಟು ಉಬ್ಬುತ್ತದೆ. ಬಿಸಿ ಕಡಿಮೆಯಾದರೆ ಕಾಳು ಅರಳುವುದಿಲ್ಲ, ಹೆಚ್ಚಾದರೆ ಕರಕಲಾಗುತ್ತದೆ. ಆದ್ದರಿಂದ ಒಲೆಯ ಉರಿ ಒಂದೇ ಸಮನಾಗಿ ಇರಬೇಕು.

ಈ ಕ್ರಮದಿಂದ ಯೋಜಕನಿಗೆ ಮೂರು ಸಂಗತಿಗಳು ತಿಳಿಯುತ್ತವೆ. ಮೊದಲನೆಯದು, ಈ ಉದ್ಯಮಕ್ಕೆ ಕಟ್ಟಡಕ್ಕಿಂತ ಹೆಚ್ಚಾಗಿ ಬಯಲು ಬೇಕು. ನಕ್ಷೆಯಲ್ಲಿ ಖಾಲಿ ನಿವೇಶನ ಎಂದು ಕಾಣುವ ನೆಲ ಇಲ್ಲಿಯವರಿಗೆ ಕಣ. ಅದರ ಮೇಲೆ ಮನೆ ಎದ್ದರೆ ಭತ್ತ ರಸ್ತೆಗೆ ಬರುತ್ತದೆ. ಎರಡನೆಯದು, ಸಿದ್ಧ ಸರಕು ತೂಕದಲ್ಲಿ ಹಗುರ, ಗಾತ್ರದಲ್ಲಿ ದೊಡ್ಡದು. ಉದ್ಯಮಗಳು ಎಲ್ಲಿ ನೆಲೆಯೂರುತ್ತವೆ ಎಂಬುದನ್ನು ಕುರಿತು ಜರ್ಮನಿಯ ಆಲ್ಫ್ರೆಡ್ ವೇಬರ್ 1909ರಲ್ಲಿ ಮಂಡಿಸಿದ ಸಿದ್ಧಾಂತ ಸಾಗಣೆಯ ವೆಚ್ಚವನ್ನೇ ಮುಖ್ಯವಾಗಿ ಹಿಡಿಯುತ್ತದೆ. ತಯಾರಾದ ಮೇಲೆ ಗಾತ್ರ ಹಿಗ್ಗುವ ಸರಕು ಗಿರಾಕಿಯ ಹತ್ತಿರ ತಯಾರಾಗುವುದೇ ಲಾಭಕರ ಎಂಬುದು ಅದೇ ತರ್ಕದ ವಿಸ್ತರಣೆ. ಮಂಡಕ್ಕಿ ತುಂಬಿದ ವಾಹನ ಸಾಗಿಸುವುದು ಬಹುಪಾಲು ಗಾಳಿಯನ್ನೇ. ಜೊತೆಗೆ ತೇವ ತಾಗಿದರೆ ಅದು ಮೆತ್ತಗಾಗುತ್ತದೆ. ಭಟ್ಟಿಗಳು ಪೇಟೆಗೆ ಹತ್ತಿರವಾಗಿ ಬೆಳೆದದ್ದಕ್ಕೆ ಹೀಗೆ ಗಟ್ಟಿಯಾದ ಕಾರಣವಿದೆ. ಮೂರನೆಯದು ಉರುವಲಿನ ಸಂಗತಿ. ಅದನ್ನು ಮುಂದೆ ವಿವರವಾಗಿ ನೋಡೋಣ.

ಊರು ಬೆಳೆದ ಬಗೆಯೂ ಇದಕ್ಕೆ ಪೂರಕವಾಗಿದೆ. ಹೈದರಾಲಿಯು ದಾವಣಗೆರೆಯನ್ನು ಅಪ್ಪೋಜಿರಾಮ ಎಂಬ ಮರಾಠಾ ಮುಖಂಡನಿಗೆ ಜಹಗೀರಾಗಿ ಕೊಟ್ಟನೆಂದೂ, ಅವನು ವರ್ತಕರನ್ನು ಕರೆತಂದು ನೆಲೆಗೊಳಿಸಿದನೆಂದೂ ಇತಿಹಾಸ ಹೇಳುತ್ತದೆ. ಮಂಡಿಪೇಟೆ, ಚೌಕಿಪೇಟೆ, ದೊಡ್ಡಪೇಟೆಗಳಲ್ಲಿ ಅಂಗಡಿ, ಗೋದಾಮು ಮತ್ತು ಮನೆ ಒಂದೇ ಸೂರಿನಡಿ ಇರುವುದು ಸಹಜವಾಗಿತ್ತು. ರೈಲು ಬಂದು, ಹತ್ತಿಯ ಗಿರಣಿಗಳು ಎದ್ದು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದ ಮೇಲೆಯೇ ದುಡಿಯುವ ಜಾಗ ಬೇರೆ, ವಾಸಿಸುವ ಬಡಾವಣೆ ಬೇರೆ ಎಂಬ ಕಲ್ಪನೆ ಇಲ್ಲಿ ಬೇರೂರಿತು. 1960ರ ದಶಕದಲ್ಲಿ ಭದ್ರಾ ಜಲಾಶಯದ ಕೆಲಸ ಪೂರ್ಣಗೊಂಡು ನಾಲೆಯ ನೀರು ಹರಿದಾಗ ಭತ್ತ ಕೈಗೆಟುಕುವಂತಾಯಿತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಮಂಡಕ್ಕಿ ಉಳಿಯಿತು. ಗಿರಣಿಗಳ ನೆಲ ಮನೆ, ಮಳಿಗೆ, ಕಾಲೇಜುಗಳ ನೆಲವಾಗಿ ಬದಲಾದುದನ್ನು ಯಾರೂ ದೊಡ್ಡ ಸಮಸ್ಯೆ ಎಂದು ಕರೆಯಲಿಲ್ಲ. ಮನೆಗಳ ನಡುವಿನ ಸಣ್ಣ ಒಲೆಗಳು ಮಾತ್ರ ಸಮಸ್ಯೆ ಎನಿಸಿಕೊಂಡವು. ಈ ವ್ಯತ್ಯಾಸವನ್ನು ಗಮನಿಸಬೇಕೆಂದು ನನಗೆ ಅನಿಸುತ್ತದೆ.

ಬೇರ್ಪಡಿಸುವ ವಿಚಾರ ಎಲ್ಲಿಂದ ಬಂತು

ವಾಸವನ್ನೂ ಉದ್ಯಮವನ್ನೂ ಬೇರೆ ಬೇರೆ ಇಡಬೇಕೆಂಬ ತತ್ವ ಆಧುನಿಕ ನಗರ ಯೋಜನೆಯ ಅಡಿಗಲ್ಲುಗಳಲ್ಲಿ ಒಂದು. ಆದರೆ ಅದು ಹುಟ್ಟಿದಾಗ ಈಗಿನಷ್ಟು ಒರಟಾಗಿರಲಿಲ್ಲ. 1810ರಲ್ಲಿ ನೆಪೋಲಿಯನ್ ಹೊರಡಿಸಿದ ಆಜ್ಞೆ ದುರ್ವಾಸನೆ ಮತ್ತು ಅಪಾಯ ಉಂಟುಮಾಡುವ ಕಾರ್ಖಾನೆಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿತು. ಮೊದಲ ದರ್ಜೆಯವು ಮನೆಗಳಿಂದ ದೂರವೇ ಇರಬೇಕು. ಎರಡನೆಯ ದರ್ಜೆಯವು ದೂರ ಹೋಗಲೇಬೇಕೆಂದಿಲ್ಲ, ಆದರೆ ನೆರೆಯವರಿಗೆ ತೊಂದರೆಯಾಗದಂತೆ ಕೆಲಸ ನಡೆಯುತ್ತದೆ ಎಂದು ಖಚಿತವಾದ ಮೇಲೆಯೇ ಅನುಮತಿ. ಮೂರನೆಯವು ಮೇಲ್ವಿಚಾರಣೆಯಲ್ಲಿ ಮನೆಗಳ ನಡುವೆಯೇ ಇರಬಹುದು. ಇನ್ನೂರು ವರ್ಷಗಳ ಹಿಂದಿನ ಈ ನಿಯಮ ಉದ್ಯಮದ ಹೆಸರನ್ನು ಕೇಳಿ ಸುಮ್ಮನಾಗುತ್ತಿರಲಿಲ್ಲ. ಅದು ನೆರೆಯವರಿಗೆ ಎಷ್ಟು ತೊಂದರೆ ಕೊಡುತ್ತದೆ ಎಂದು ಅಳೆಯುತ್ತಿತ್ತು. 1891ರಲ್ಲಿ ಫ್ರಾಂಕ್‌ಫರ್ಟ್ ನಗರ ಫ್ರಾಂಜ್ ಆಡಿಕೆಸ್ ಮೇಯರ್ ಆಗಿದ್ದಾಗ ಊರನ್ನು ವಲಯಗಳಾಗಿ ಹಂಚಿದಾಗಲೂ ವಾಸದ ಭಾಗ, ಕಾರ್ಖಾನೆಯ ಭಾಗಗಳ ಜೊತೆಗೆ ಮಿಶ್ರ ಭಾಗ ಎಂಬುದಕ್ಕೆ ಜಾಗವಿತ್ತು.

ಅಮೆರಿಕದಲ್ಲಿ ಈ ವಿಚಾರ ಬೇರೆಯ ತಿರುವು ಪಡೆಯಿತು. ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಪಟ್ಟಣ 1885ರಲ್ಲಿ ಬಟ್ಟೆ ಒಗೆಯುವ ಅಂಗಡಿಗಳನ್ನು ಊರಿನ ಒಂದು ಭಾಗಕ್ಕೆ ಸೀಮಿತಗೊಳಿಸಿತು. ಆ ಅಂಗಡಿಗಳು ಚೀನೀಯರವಾಗಿದ್ದವು ಎಂಬುದೇ ಅದರ ಒಳಗುಟ್ಟು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಥದೇ ನಿಯಮವನ್ನು ಚೀನೀಯರ ಮೇಲೆ ಮಾತ್ರ ಹೇರಿದ್ದನ್ನು ಅಮೆರಿಕದ ಸುಪ್ರೀಂ ಕೋರ್ಟ್ 1886ರಲ್ಲಿ ತಳ್ಳಿಹಾಕಿತು. ಉಪದ್ರವ ತಡೆಯುವ ಕಾನೂನು ಬಡವರನ್ನೂ ಬೇರೆ ಸಮುದಾಯದವರನ್ನೂ ದೂರವಿಡುವ ಸಾಧನವಾಗಬಹುದು ಎಂಬುದನ್ನು ಭಟ್ಟಿಗಳ ವಿಚಾರದಲ್ಲಿ ನಿರ್ಧಾರ ಮಾಡುವವರು ಸದಾ ನೆನಪಿನಲ್ಲಿ ಇಟ್ಟುಕೊಳ್ಳಬೇಕು. 1916ರಲ್ಲಿ ನ್ಯೂಯಾರ್ಕ್ ಇಡೀ ನಗರಕ್ಕೆ ವಲಯ ನಿಯಮ ತಂದಿತು. 1926ರಲ್ಲಿ ಓಹಿಯೋ ರಾಜ್ಯದ ಯೂಕ್ಲಿಡ್ ಎಂಬ ಊರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಂಥ ನಿಯಮಗಳನ್ನು ಎತ್ತಿಹಿಡಿಯಿತು. ಸರಿಯಾದ ವಸ್ತುವೂ ತಪ್ಪು ಜಾಗದಲ್ಲಿದ್ದರೆ ಉಪದ್ರವವಾಗಬಹುದು, ಹಂದಿ ದೊಡ್ಡಿಯಲ್ಲಿರದೆ ಪಡಸಾಲೆಗೆ ಬಂದಂತೆ, ಎಂಬುದು ನ್ಯಾಯಮೂರ್ತಿ ಸದರ್ಲೆಂಡ್ ಅವರ ತರ್ಕವಾಗಿತ್ತು. 1933ರಲ್ಲಿ ಆಧುನಿಕ ವಾಸ್ತುಶಿಲ್ಪಿಗಳ ಅಂತರರಾಷ್ಟ್ರೀಯ ಸಮ್ಮೇಳನ ನಗರವನ್ನು ವಾಸ, ದುಡಿಮೆ, ವಿಶ್ರಾಂತಿ, ಸಂಚಾರ ಎಂಬ ನಾಲ್ಕು ಕೆಲಸಗಳಾಗಿ ಒಡೆದು ನೋಡಿತು. ಹೊಗೆ ಕಾರುವ ದೊಡ್ಡ ಕಾರ್ಖಾನೆಗಳ ಯುಗದಲ್ಲಿ ಇದು ಮಾನವೀಯ ವಿಚಾರವೇ ಆಗಿತ್ತು. ಬೆಂಗಳೂರಿನಲ್ಲಿ 1898ರ ಪ್ಲೇಗಿನ ಬಳಿಕ ಬಸವನಗುಡಿ, ಮಲ್ಲೇಶ್ವರಗಳು ಮೈದಳೆದದ್ದೂ ಇಕ್ಕಟ್ಟು ಕಳೆದು ಆರೋಗ್ಯ ಕಾಪಾಡುವ ಆಶಯದಿಂದಲೇ.

ನಮ್ಮ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದು. ಜಾರಿಗೆ ಬಂದದ್ದು 1965ರಲ್ಲಿ. ಅದೇ 1961ರಲ್ಲಿ ಅಮೆರಿಕದಲ್ಲಿ ಜೇನ್ ಜೇಕಬ್ಸ್ ಅವರು ಮಿಶ್ರ ಬಳಕೆಯ ಬೀದಿಗಳ ಪರವಾಗಿ ಬಲವಾಗಿ ವಾದಿಸುತ್ತಿದ್ದರು. ಬೇರ್ಪಡಿಸುವ ತತ್ವ ತಾನು ಬಲಗೊಂಡ ನೆಲದಲ್ಲೇ ಪ್ರಶ್ನೆಗೆ ಒಳಗಾಗುತ್ತಿದ್ದ ಕಾಲದಲ್ಲಿ ಅದು ನಮ್ಮ ಕಾನೂನಿನೊಳಗೆ ಗಟ್ಟಿಯಾಗಿ ಕೂತಿತು.

ಕಾಗದದ ಮೇಲಿನ ಬಣ್ಣಗಳು

ಈ ಕಾಯ್ದೆಯಡಿ ಸಿದ್ಧವಾಗುವ ಮಹಾಯೋಜನೆಯಲ್ಲಿ, ಅಂದರೆ ಮಾಸ್ಟರ್ ಪ್ಲಾನಿನಲ್ಲಿ, ಪ್ರತಿ ನೆಲಕ್ಕೂ ಒಂದು ಬಣ್ಣ: ವಾಸಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಸಾರ್ವಜನಿಕ ಬಳಕೆಗೆ ಕೆಂಪು, ಉದ್ಯಾನ ಮತ್ತು ಬಯಲಿಗೆ ಹಸಿರು. ದಾವಣಗೆರೆ ಮತ್ತು ಹರಿಹರಕ್ಕೆ ಒಟ್ಟಾಗಿ ಇರುವ ನಗರಾಭಿವೃದ್ಧಿ ಪ್ರಾಧಿಕಾರ, ಜನರ ಮಾತಿನಲ್ಲಿ ದೂಡಾ, ಈ ನಕ್ಷೆಯ ಹೊಣೆ ಹೊತ್ತಿದೆ. ಬಣ್ಣ ಬದಲಾಗಬೇಕಾದರೆ ಕಾಯ್ದೆಯ 14-ಎ ಕಲಮಿನಡಿ ಭೂ ಉಪಯೋಗ ಬದಲಾವಣೆಗೆ ಅರ್ಜಿ ಹಾಕಬೇಕು. ಲೇಔಟ್ ಮಾಡುವವರಿಗೆ ಈ ದಾರಿ ಚೆನ್ನಾಗಿ ಗೊತ್ತು. ಒಂದು ಒಲೆ ಇಟ್ಟುಕೊಂಡವನಿಗೆ ಅದು ಎಟುಕದ ದಾರಿ.

ಮಂಡಕ್ಕಿ ಭಟ್ಟಿಯಂಥ ನೆಲಕ್ಕೆ ಈ ಬಣ್ಣಗಳಲ್ಲಿ ಯಾವುದನ್ನು ಬಳಿದರೂ ಅನ್ಯಾಯವೇ. ಹಳದಿ ಬಳಿದರೆ ಭಟ್ಟಿ ಅಕ್ರಮವಾಗುತ್ತದೆ. ಅಕ್ರಮವಾದದ್ದಕ್ಕೆ ಪರವಾನಗಿ ಸಿಗದು, ಪರವಾನಗಿ ಇಲ್ಲದವನಿಗೆ ಬ್ಯಾಂಕಿನ ಸಾಲ ಸಿಗದು, ಸಾಲ ಸಿಗದವನು ಒಳ್ಳೆಯ ಒಲೆ ಕಟ್ಟಲಾರ. ನೇರಳೆ ಬಳಿದರೆ ಮನೆಗಳು ಅಕ್ರಮವಾಗುತ್ತವೆ. ಶಾಲೆ, ಅಂಗನವಾಡಿ, ಉದ್ಯಾನಗಳಿಗೆ ಅಲ್ಲಿ ಯಾರೂ ಜಾಗ ಕಾದಿರಿಸುವುದಿಲ್ಲ, ಕಣದ ಬಯಲು ಶೆಡ್ ಕಟ್ಟುವವರ ಪಾಲಾಗುತ್ತದೆ.

ವಾಸದ ವಲಯದಲ್ಲಿ ಸಣ್ಣ ಉದ್ಯಮಗಳಿಗೆ ಅವಕಾಶ ಇಲ್ಲವೆಂದೇನಿಲ್ಲ. ನಮ್ಮ ವಲಯ ನಿಯಮಾವಳಿಗಳು ಹಿಟ್ಟಿನ ಗಿರಣಿ, ರಿಪೇರಿ ಅಂಗಡಿಯಂಥ ಸೇವಾ ಉದ್ಯಮಗಳನ್ನು ಒಪ್ಪುತ್ತವೆ, ಆದರೆ ಅವಕ್ಕೆ ಅಶ್ವಶಕ್ತಿಯ ಮಿತಿ ಹಾಕುತ್ತವೆ. ಮೋಟಾರು ಎಷ್ಟು ದೊಡ್ಡದು ಎಂಬುದು ಅಲ್ಲಿಯ ಅಳತೆಗೋಲು. ಮಂಡಕ್ಕಿ ಒಲೆಗೆ ದೊಡ್ಡ ಮೋಟಾರೇ ಬೇಡ. ಅಶ್ವಶಕ್ತಿಯ ಲೆಕ್ಕದಲ್ಲಿ ಅದು ನಿರಪಾಯಕಾರಿ. ಅದರಿಂದ ಏಳುವ ಹೊಗೆಗೆ ಆ ನಿಯಮಾವಳಿಯಲ್ಲಿ ಅಳತೆಯೇ ಇಲ್ಲ. ಇತ್ತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲಿ ಉದ್ಯಮಗಳನ್ನು ಅವು ಉಂಟುಮಾಡುವ ಮಾಲಿನ್ಯದ ಪ್ರಮಾಣ ನೋಡಿ ಕೆಂಪು, ಕಿತ್ತಳೆ, ಹಸಿರು, ಬಿಳಿ ಎಂದು ವಿಂಗಡಿಸಿತು. ಒಂದು ಇಲಾಖೆಯ ಬಣ್ಣ ಎಲ್ಲಿ ಎಂದು ಹೇಳುತ್ತದೆ, ಇನ್ನೊಂದರ ಬಣ್ಣ ಎಷ್ಟು ಎಂದು ಹೇಳುತ್ತದೆ. ಭಟ್ಟಿಯ ವಿಚಾರದಲ್ಲಿ ಇವೆರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡುವುದು ಅತ್ಯಗತ್ಯ.

ಹೊಗೆಯ ಮೂಲ

ಭಟ್ಟಿಗಳಲ್ಲಿ ಭತ್ತದ ಹೊಟ್ಟನ್ನು ಉರಿಸುವುದುಂಟು. ಹಳೆಯ ಟೈರು, ರಬ್ಬರು ಚೂರುಗಳನ್ನು ಉರಿಸುವ ರೂಢಿಯೂ ಬೆಳೆದಿದೆ. ಇದಕ್ಕೆ ಕಾರಣ ಸರಳ ಲೆಕ್ಕ. ಒಂದು ಕಿಲೋ ಹೊಟ್ಟಿನಿಂದ ಸಿಗುವ ಶಾಖ ಸುಮಾರು 3,000 ಕಿಲೋಕ್ಯಾಲರಿ. ಅಷ್ಟೇ ತೂಕದ ಟೈರಿನಿಂದ ಅದರ ಎರಡು ಪಟ್ಟಿಗೂ ಮೀರಿದ ಶಾಖ ಸಿಗುತ್ತದೆ. ಸಮನಾದ ಬಿರು ಉರಿ ಬೇಕಾದ ಕೆಲಸಕ್ಕೆ, ಲಾಭದ ಅಂಚು ತೆಳುವಾಗಿರುವ ಉದ್ಯಮಕ್ಕೆ ಅದು ಸುಲಭದ ಉರುವಲು. ಆದರೆ ರಬ್ಬರನ್ನು ಗಟ್ಟಿಗೊಳಿಸಲು ಬೆರೆಸಿದ ಗಂಧಕ ಉರಿದಾಗ ಗಂಧಕದ ಡೈಆಕ್ಸೈಡ್ ಆಗುತ್ತದೆ. ಪೂರ್ತಿ ಉರಿಯದ ಇಂಗಾಲ ಮಸಿಯಾಗಿ ಹೊರಬರುತ್ತದೆ. ಕ್ಯಾನ್ಸರಿಗೆ ಕಾರಣವಾಗಬಲ್ಲ ಸಂಯುಕ್ತಗಳೂ ಆ ಮಸಿಯಲ್ಲಿ ಇರುತ್ತವೆ. ತಗ್ಗಿನ ಹೊಗೆಗೊಳವೆಯಿಂದ ಹೊರಟ ಇದೆಲ್ಲ ಮೊದಲು ಸೇರುವುದು ಒಲೆಯ ಮುಂದೆ ನಿಂತವರ ಮತ್ತು ಪಕ್ಕದ ಮನೆಯ ಮಕ್ಕಳ ಎದೆಯನ್ನು. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ 2019ರಲ್ಲಿ ಆರಂಭವಾದಾಗ ಗಾಳಿಯ ಗುಣಮಟ್ಟದ ಮಾನದಂಡ ಮುಟ್ಟದ ನಗರಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳ ಜೊತೆ ದಾವಣಗೆರೆಯೂ ಇತ್ತು. ವಾಹನ, ರಸ್ತೆಯ ದೂಳು, ಕಸದ ಬೆಂಕಿ ಎಲ್ಲವೂ ಇದಕ್ಕೆ ಕಾರಣವೇ. ಆದರೆ ಭಟ್ಟಿಯ ಹೊಗೆಯನ್ನು ಜೀವನೋಪಾಯದ ಹೆಸರಿನಲ್ಲಿ ಸಹಿಸಿಕೊಳ್ಳಿ ಎಂದು ಆ ಓಣಿಯ ತಾಯಂದಿರಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ.

ಹಾಗಾದರೆ ಊರಾಚೆಗೆ ಸಾಗಿಸುವುದೇ ಸರಿಯೇ? ಟೈರು ಉರಿಯುವ ಒಲೆ ಊರಾಚೆಗೆ ಹೋದರೆ ಅಲ್ಲಿಯೂ ಟೈರೇ ಉರಿಯುತ್ತದೆ, ಅದರ ಹೊಗೆ ಬೇರೆ ಹಳ್ಳಿಯವರ ಎದೆ ಸೇರುತ್ತದೆ. ಒಲೆ ಶುದ್ಧವಾಗಿ ಉರಿಯುವಂತಾದರೆ ಊರಾಚೆಗೆ ಹೋಗುವ ಅಗತ್ಯವೇ ಉಳಿಯುವುದಿಲ್ಲ.

ಎರಡು ಹೋಲಿಕೆಗಳು

ಇದಕ್ಕೆ ನಮ್ಮ ದೇಶದಲ್ಲೇ ಎರಡು ನಿದರ್ಶನಗಳಿವೆ. ದೆಹಲಿಯಲ್ಲಿ ಸುಪ್ರೀಂ ಕೋರ್ಟ್ 1996ರ ಜುಲೈನಲ್ಲಿ 168 ಅಪಾಯಕಾರಿ ಉದ್ಯಮಗಳನ್ನು ನಗರದಿಂದ ಹೊರಗೆ ಕಳುಹಿಸಲು ಆದೇಶಿಸಿತು. ಮುಂದೆ 2000ದಲ್ಲಿ ವಾಸದ ಪ್ರದೇಶಗಳ ಸಣ್ಣ ಘಟಕಗಳ ಮೇಲೂ ಬೀಗ ಬಿದ್ದಾಗ ಬೀದಿಯಲ್ಲಿ ದೊಡ್ಡ ಪ್ರತಿಭಟನೆಗಳಾದವು. ಬವಾನಾದಂಥ ದೂರದ ಕೈಗಾರಿಕಾ ಪ್ರದೇಶಗಳಲ್ಲಿ ನಿವೇಶನ ಹಂಚಿಕೆಯಾದದ್ದು ಘಟಕಗಳ ಮಾಲೀಕರಿಗೆ. ಅಲ್ಲಿ ದುಡಿಯುತ್ತಿದ್ದವರ ಮನೆ, ಮಕ್ಕಳ ಶಾಲೆ, ಸಾಲ ಕೊಡುವ ಕಿರಾಣಿ ಅಂಗಡಿ ಹಳೆಯ ಓಣಿಯಲ್ಲೇ ಉಳಿದವು.

ಇನ್ನೊಂದು ಫಿರೋಜಾಬಾದಿನ ನಿದರ್ಶನ. ತಾಜಮಹಲಿನ ಅಮೃತಶಿಲೆಯನ್ನು ಹೊಗೆಯಿಂದ ಉಳಿಸಲು 1996ರ ಡಿಸೆಂಬರ್ 30ರಂದು ಬಂದ ಸುಪ್ರೀಂ ಕೋರ್ಟ್ ತೀರ್ಪು ತಾಜಮಹಲಿನ ಸುತ್ತಲಿನ ವಲಯದ 292 ಉದ್ಯಮಗಳಿಗೆ ಕಲ್ಲಿದ್ದಲು ಬಿಟ್ಟು ನೈಸರ್ಗಿಕ ಅನಿಲಕ್ಕೆ ಹೊರಳಿ, ಆಗದಿದ್ದರೆ ಸ್ಥಳ ಬಿಡಿ ಎಂದಿತು. ಅದೇ ವಲಯದಲ್ಲಿರುವ, ಬಳೆ, ಗಾಜಿನ ಊರಾದ ಫಿರೋಜಾಬಾದಿನಲ್ಲಿ ಒಲೆಗಳು ಅನಿಲಕ್ಕೆ ಹೊರಳಿದವು, ಊರು ಬಳೆಯ ಊರಾಗಿಯೇ ಉಳಿಯಿತು. ಇದು ತಾನಾಗಿ ಆದದ್ದಲ್ಲ. ಕೊಳವೆಯಲ್ಲಿ ಅನಿಲ ಬಂತು, ಅದರ ಬೆಲೆಯನ್ನು ಸರ್ಕಾರ ನಿಯಂತ್ರಿಸಿತು, ಅನಿಲಕ್ಕೆ ತಕ್ಕ ಕುಲುಮೆಯ ವಿನ್ಯಾಸವನ್ನು ಇಂಧನ ಸಂಶೋಧನೆ ಮಾಡುವ ಟೇರಿ ಸಂಸ್ಥೆ ಸ್ಥಳೀಯರ ಜೊತೆ ಕೂತು ರೂಪಿಸಿತು. ಮೂರರಲ್ಲಿ ಒಂದು ಇಲ್ಲದಿದ್ದರೂ ಆದೇಶ ಕಾಗದದಲ್ಲೇ ಉಳಿಯುತ್ತಿತ್ತು ಎಂಬುದು ನನ್ನ ನಂಬಿಕೆ.

ದಾವಣಗೆರೆಯ ಮುಂದಿರುವ ಆಯ್ಕೆ

ಸ್ಮಾರ್ಟ್ ಸಿಟಿ ಯೋಜನೆಗೆ 2016ರ ಜನವರಿಯಲ್ಲಿ ಆಯ್ಕೆಯಾದ ಮೊದಲ 20 ನಗರಗಳಲ್ಲಿ ದಾವಣಗೆರೆಯೂ ಒಂದು. ಅದರ ಪ್ರಸ್ತಾವನೆಯಲ್ಲಿ ಹಳೆಯ ಪೇಟೆಯ ಜೊತೆಗೆ ಮಂಡಕ್ಕಿ ಭಟ್ಟಿ ಪ್ರದೇಶದ ಸುಧಾರಣೆಯೂ ಸೇರಿತ್ತು. ನಗರದ ಬಡ ಓಣಿಯೊಂದರ ದುಡಿಮೆಯನ್ನು ಊರಿನ ಗುರುತೆಂದು ಒಪ್ಪಿ ಯೋಜನೆಯ ಒಳಗೆ ತಂದದ್ದು ದೊಡ್ಡ ಸಂಗತಿ; ಅದನ್ನು ಬರೆದವರನ್ನು ಮೆಚ್ಚಲೇಬೇಕು. ಆದರೆ ಸ್ಮಾರ್ಟ್ ಸಿಟಿ ಒಂದು ಕಂಪನಿಯ ಮೂಲಕ ನಿಗದಿತ ಅವಧಿಯಲ್ಲಿ ಕಾಮಗಾರಿ ಮುಗಿಸುವ ವ್ಯವಸ್ಥೆ; 2025ರ ಮಾರ್ಚ್ 31ಕ್ಕೆ ಅದರ ಅವಧಿ ಮುಗಿದಿದೆ. ಭೂಬಳಕೆಯ ನಿಯಮ ಬರೆಯುವ ಅಧಿಕಾರ ಅದಕ್ಕೆ ಇರಲಿಲ್ಲ. ಆ ಅಧಿಕಾರ ಇರುವುದು ಯೋಜನಾ ಪ್ರಾಧಿಕಾರಕ್ಕೆ, ಪರವಾನಗಿ ಕೊಡುವುದು ಮಹಾನಗರ ಪಾಲಿಕೆ, ಹೊಗೆ ಅಳೆಯುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಈ ಮೂವರ ನಡುವಿನ ಬಿರುಕಿನಲ್ಲಿ ಭಟ್ಟಿ ಇದೆ.

ಮುಂದಿನ ಮಹಾಯೋಜನೆಯ ಪರಿಷ್ಕರಣೆಯಲ್ಲಿ ಈ ಪ್ರದೇಶವನ್ನು ವಿಶೇಷ ಮಿಶ್ರ ವಲಯವೆಂದು ಗುರುತಿಸಿ, ಅದಕ್ಕೆ ತನ್ನದೇ ನಿಯಮ ಬರೆಯಬೇಕೆಂಬುದು ಈ ಅಧ್ಯಯನದ ಸಲಹೆ. ಆ ನಿಯಮದ ತಿರುಳು ಅಶ್ವಶಕ್ತಿಯ ಬದಲು ಉರುವಲು ಆಗಬೇಕು. ಟೈರು, ರಬ್ಬರು, ಪ್ಲಾಸ್ಟಿಕ್ಕಿಗೆ ಸಂಪೂರ್ಣ ನಿಷೇಧ, ಮತ್ತು ನಿಷೇಧಕ್ಕೆ ಮುಂಚೆಯೇ ಬದಲಿ ಉರುವಲಿನ ಸರಬರಾಜು. ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳು ನಗರ ಅನಿಲ ಜಾಲದ ವ್ಯಾಪ್ತಿಗೆ ಸೇರಿವೆ. ಕೊಳವೆಯ ಮಾರ್ಗ ನಿರ್ಧರಿಸುವಾಗ ಬಡಾವಣೆಯ ಅಡುಗೆಮನೆಗಳಿಗಿಂತ ಮೊದಲು ಭಟ್ಟಿಗೆ ಅನಿಲ ತಲುಪಿಸುವುದು ನ್ಯಾಯವೂ ಹೌದು, ಊರಿನ ಗಾಳಿಗೆ ಹೆಚ್ಚು ಲಾಭವೂ ಹೌದು. ಅನಿಲ ತುಟ್ಟಿಯೆನಿಸುವಲ್ಲಿ ಹೊಟ್ಟನ್ನೇ ಒತ್ತಿ ಇಟ್ಟಿಗೆಯಾಗಿಸಿ, ಗಾಳಿ ಸರಿಯಾಗಿ ಆಡುವ ಸುಧಾರಿತ ಒಲೆಯಲ್ಲಿ, ಎತ್ತರದ ಸಾಮೂಹಿಕ ಹೊಗೆಗೊಳವೆಗೆ ಜೋಡಿಸಿ ಉರಿಸಬಹುದು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಕ್ಲಸ್ಟರ್ ಯೋಜನೆಯಡಿ ಸಾಮೂಹಿಕ ಸೌಲಭ್ಯ ಕೇಂದ್ರಗಳಿಗೆ ಅನುದಾನ ಪಡೆಯುವ ದಾರಿ ಈಗಾಗಲೇ ಇದೆ.

ಕಣದ ಬಗ್ಗೆ ಇನ್ನೊಂದು ಮಾತು. ಕೇಂದ್ರದ ನಗರ ಯೋಜನಾ ಮಾರ್ಗಸೂಚಿ ಪ್ರತಿ ವ್ಯಕ್ತಿಗೆ 10ರಿಂದ 12 ಚದರ ಮೀಟರ್ ಬಯಲು ಇರಬೇಕೆನ್ನುತ್ತದೆ. ಆ ಲೆಕ್ಕದಲ್ಲಿ ಬಿಡುವ ಬಯಲನ್ನು ಇಲ್ಲಿ ಬೇಲಿ ಹಾಕಿದ ಉದ್ಯಾನವಾಗಿಸುವ ಬದಲು, ಹಗಲು ಭತ್ತ ಒಣಗುವ, ಸಂಜೆ ಮಕ್ಕಳು ಆಡುವ ಕಾಂಕ್ರೀಟಿನ ಸಾಮೂಹಿಕ ಕಣವಾಗಿ ದಾಖಲಿಸಬೇಕು. ನಕ್ಷೆಯಲ್ಲಿ ಕಣ ಎಂಬ ಗುರುತು ಬಿದ್ದರೆ ಅದನ್ನು ನಾಳೆ ಯಾರೂ ಸುಲಭವಾಗಿ ಒತ್ತುವರಿ ಮಾಡಲಾರರು.

ಮಿಶ್ರ ಬಳಕೆಯನ್ನು ಒಪ್ಪುವವರು ಒಂದು ಕಠಿಣ ಪ್ರಶ್ನೆಗೆ ಉತ್ತರಿಸಬೇಕು. ಮನೆಯಲ್ಲೇ ಒಲೆ ಇದ್ದರೆ ಮಕ್ಕಳು ಒಲೆಯ ಮುಂದೆ ಬರುತ್ತಾರೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ ಅಪಾಯಕಾರಿಯಲ್ಲದ ಕುಟುಂಬದ ಉದ್ಯಮದಲ್ಲಿ ಶಾಲೆಯ ಸಮಯದ ನಂತರ ಮಕ್ಕಳು ನೆರವಾಗಬಹುದೆಂದು ಬಿಟ್ಟಿರುವ ಸಂದಿಯಲ್ಲಿ ಈ ಅಪಾಯ ಇನ್ನೂ ಹೆಚ್ಚುತ್ತದೆ. ಆದ್ದರಿಂದ ವಾಸದ ಕೋಣೆ ಮತ್ತು ಹುರಿಯುವ ಒಲೆಯ ನಡುವೆ ಗೋಡೆ ಮತ್ತು ಪ್ರತ್ಯೇಕ ಬಾಗಿಲು ಇರಲೇಬೇಕೆಂಬ ಷರತ್ತನ್ನು ಪರವಾನಗಿಯಲ್ಲೇ ಬರೆಯಬೇಕು. ಅಂಗನವಾಡಿ ಮತ್ತು ಶಾಲೆ ಅದೇ ಓಣಿಯಲ್ಲಿ, ಭಟ್ಟಿಯ ಕೆಲಸದ ಹೊತ್ತಿಗೆ ಹೊಂದುವಂತೆ ತೆರೆದಿರಬೇಕು.

ಇದೆಲ್ಲ ಆರಂಭವಾಗಬೇಕಾದದ್ದು ಒಂದು ಸಮೀಕ್ಷೆಯಿಂದ: ಪ್ರತಿ ಒಲೆ, ಅದರ ಉರುವಲು, ಅದರ ಮಾಲೀಕ, ಅದರಲ್ಲಿ ದುಡಿಯುವವರು, ಬಾಡಿಗೆಯವರು, ಬಳಕೆಯಲ್ಲಿರುವ ಪ್ರತಿ ಕಣ. ಮಾಲೀಕರ ಹೆಸರು ಮಾತ್ರ ದಾಖಲಾದರೆ ಬವಾನಾದಲ್ಲಿ ಆದದ್ದೇ ಇಲ್ಲಿಯೂ ಆಗುತ್ತದೆ; ಆದ್ದರಿಂದ ಕೆಲಸಗಾರರ ಪಟ್ಟಿ ಸಿದ್ಧವಾಗಿ ಆ ಓಣಿಯಲ್ಲೇ ಓದಿ ಹೇಳುವವರೆಗೆ ಒಂದು ಒಲೆಯನ್ನೂ ಆರಿಸಬಾರದು.